ಕಾರ್ಮಿಕರ ಬಂಧು ಅಂಬೇಡ್ಕರ್

ಸಂವಿಧಾನಶಿಲ್ಪಿ ಡಾ. ಬಾಬಾಸಾಹೇಬ ಅಂಬೇಡ್ಕರರನ್ನು (1891–1956) ನಾವೆಲ್ಲರೂ ಬಲ್ಲೆವು. ಅವರು ಕಾರ್ಮಿಕರ ಬಂಧುವೂ ಆಗಿದ್ದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿ, 1937ರ ಚುನಾವಣೆಯಲ್ಲಿ ಮುಂಬಯಿ ವಿಧಾನಸಭೆಗೆ ಆರಿಸಿ ಬಂದರು. ಆಗ ಸಂಸ್ಥಾನಗಳಾಗಿದ್ದ ನಮ್ಮ ಸಾಂಗಲಿ, ಮಿರಜಗಳಿಗೆ ಆ ಮತದಾನವಿರಲಿಲ್ಲ. ನೆರೆಯ ಬೆಳಗಾವಿ, ವಿಜಾಪುರ ಜಿಲ್ಲೆಗಳಿಗೆ ಇತ್ತು.

ಗೆದ್ದ ಕಾಂಗ್ರೆಸ್ಸಿನ ಖೇರ್ ಸರಕಾರವು 1938ರಲ್ಲಿ ಕೈಗಾರಿಕಾ ವಿವಾದ ಮಸೂದೆಯನ್ನು ತಂದಿತು. ಮುಷ್ಕರಕ್ಕೆ ಮೊದಲು ಸಂಧಾನ ನಡೆದರೆ ಶಾಂತಿ ಉಳಿಯುವುದೆಂದು ಸರಕಾರದ ವಾದ. ಕೆಲಸ ಒಲ್ಲೆನೆನ್ನುವ ಹಕ್ಕಿಲ್ಲದವನು ಗುಲಾಮನೇ ಎಂದು ಅಂಬೇಡ್ಕರರ ವಾದ. ನವೆಂಬರ್ 7ರಂದು ಅವರು ಕಮ್ಯುನಿಸ್ಟರೊಡನೆ ಕೂಡಿ ಒಂದು ದಿನದ ಮುಷ್ಕರ ನಡೆಸಿದರು. ಆದರೂ ಮಸೂದೆ ಕಾಯಿದೆಯಾಯಿತು. ಅವರು ಎದೆಗುಂದಲಿಲ್ಲ, 1942ರಲ್ಲಿ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನೇ ವಹಿಸಿಕೊಂಡರು.

ಬಹುಮತದೆದುರು ಸೋತರೂ ನ್ಯಾಯವೆಂದು ಕಂಡದ್ದನ್ನು ಬಿಡಬಾರದೆಂಬುದನ್ನು ನಾವು ಅವರಿಂದ ಕಲಿಯೋಣ.