ಮಕ್ಕಳಿಗೆ ಓದಿನ ರುಚಿ ಹತ್ತಿಸಿದ ಪಂಜೆ ಮಂಗೇಶರಾಯರು

ನಮ್ಮ ಹಿರಿಯರು ದೇವಾಲಯ ಕಟ್ಟಿದ ಕಡೆಗಳಲ್ಲಿ ಬಹುಮಟ್ಟಿಗೆ ಅದರ ಮಗ್ಗುಲಲ್ಲೇ ಒಂದು ಶಾಲೆಯನ್ನೂ ಕಟ್ಟಿದರು. ಆದುದರಿಂದ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗುರುಗಳನ್ನೂ ಧರ್ಮಭಗಿನಿಯರನ್ನೂ ದಾನಿಗಳನ್ನೂ ನೆನೆಯುವುದರೊಂದಿಗೆ, ಈ ಜಿಲ್ಲೆಯ ಮಕ್ಕಳಿಗೆ ಓದಿನ ರುಚಿ ಹತ್ತಿಸಿದ ಒಬ್ಬ ಉಪಾಧ್ಯಾಯರನ್ನು ನೆನೆಯುವುದು ಅನುಚಿತವಾಗಲಾರದು. ಅವರು ನಮ್ಮ ಧರ್ಮದವರಲ್ಲ. ಆದರೆ ನಮ್ಮ ಮನೆಮಾತಿನವರು. ಅವರೇ ಪಂಜೆ ಮಂಗೇಶರಾಯರು.

ನೇತ್ರಾವತಿಯ ದಡದ ಬಂಟ್ವಾಳದಲ್ಲಿ 1874ರ ಫೆಬ್ರವರಿ 22ರಂದು ಸಾರಸ್ವತ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಮ್ಮ ಮಕ್ಕಳಂತೆಯೇ ಈ ಬಾಲಕನೂ ಕನ್ನಡವನ್ನು ತಾಯಿಯ ತೊಡೆಯ ಮೇಲೆ ಕಲಿತವನಲ್ಲ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಸಂಸಾರದ ಭಾರವನ್ನು ಹೊತ್ತುಕೊಂಡೇ ವಿದ್ಯೆಯನ್ನು ಸಂಪಾದಿಸಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲೆಗಳ ಇನ್ಸ್‌ಪೆಕ್ಟರರಾದರು. ಬಳಿಕ ಕೊಡಗಿಗೆ ಹೋಗಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗಿನ ಜನರ ಪ್ರೀತಿಗೆ ಪಾತ್ರವಾದ ಅವರ 'ಹುತ್ತರಿ ಹಾಡು' ಆ ನಾಡಿನ ನಂಟಿನ ಫಲ.

ಅವರ ಪಾಂಡಿತ್ಯವು ಸಾಮಾನ್ಯವಾದುದಾಗಿರಲಿಲ್ಲ. ಕೇಶಿರಾಜನ 'ಶಬ್ದಮಣಿದರ್ಪಣ'ವೆಂಬ ಹಳೆಗನ್ನಡ ವ್ಯಾಕರಣವನ್ನು ಕಿಟ್ಟೆಲ್ಲರು ಸಂಪಾದಿಸಿ 1872ರಲ್ಲಿ ಪ್ರಕಟಿಸಿದ್ದರಷ್ಟೆ. ಅದರ ಪರಿಷ್ಕೃತ ಮುದ್ರಣವೊಂದು 1920ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಾಗ, ಪರಿಷ್ಕರಣದ ಹೊಣೆ ಹೊತ್ತವರು ಪಂಜೆಯವರು. ಅಂಥ ವಿದ್ವಾಂಸರು ತಮ್ಮ ಬರಹಗಳಿಗೆ ಇಟ್ಟುಕೊಂಡ ಅಂಕಿತ 'ಕವಿಶಿಷ್ಯ'. ಸೂತ್ರ ವೃತ್ತಿಗಳಲ್ಲಿ ಮುಳುಗಿದ್ದ ಅದೇ ಲೇಖನಿಯಿಂದ ಕರಡಿ, ಕಾಗೆ, ಹೇನುಗಳ ಕಥೆಗಳು ಹುಟ್ಟಿಬಂದವು. ದೊಡ್ಡವರು ಚಿಕ್ಕವರ ಮುಂದೆ ಬಾಗುವುದು ಎಷ್ಟು ಕಠಿನವೆಂಬುದನ್ನು ಬಲ್ಲವರಿಗೆ ಈ ವಿನಯದ ಬೆಲೆ ತಿಳಿದೀತು.

ಅಂದಿನ ಪ್ರಾಥಮಿಕ ಶಾಲೆಗಳ ಸ್ಥಿತಿಯನ್ನು ಹಿರಿಯರಿಂದ ಕೇಳಿ ಬಲ್ಲೆವು. ಮರಳಿನ ಮೇಲೆ ಅಕ್ಷರ ತಿದ್ದುವುದು, ಕಾಗುಣಿತ ಒಪ್ಪಿಸುವುದು, ಅರ್ಥವಾಗದ ಪದ್ಯವನ್ನು ಬಾಯಿಪಾಠ ಮಾಡುವುದು, ತಪ್ಪಿದರೆ ಬೆತ್ತ. ಮನೆಯಲ್ಲಿ ಕನ್ನಡವಿಲ್ಲದ ಮಗುವಿಗಂತೂ ಪುಸ್ತಕವು ಬೀಗ ಹಾಕಿದ ಪೆಟ್ಟಿಗೆಯೇ ಸರಿ. ಊರೂರಿನ ಶಾಲೆಗಳನ್ನು ತಿರುಗಿ ನೋಡಿದ ರಾಯರು, ಆ ಪೆಟ್ಟಿಗೆಯ ಬೀಗದ ಕೈ ಕಥೆಯಲ್ಲಿದೆಯೆಂಬುದನ್ನು ಅರಿತುಕೊಂಡರು. ಇನ್ಸ್‌ಪೆಕ್ಟರರೆಂದರೆ ಉಪಾಧ್ಯಾಯರೂ ನಡುಗುತ್ತಿದ್ದ ಕಾಲದಲ್ಲಿ ಇವರು ಮಕ್ಕಳ ನಡುವೆ ನಿಂತು ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು. 1921ರಲ್ಲಿ ಮಂಗಳೂರಿನಲ್ಲಿ 'ಬಾಲಸಾಹಿತ್ಯ ಮಂಡಲ'ವನ್ನು ಸ್ಥಾಪಿಸಿ, ಮಕ್ಕಳ ಕೈಗೆ ಕನ್ನಡ ಪುಸ್ತಕಗಳು ಸಿಗುವಂತೆ ದುಡಿದರು. ಶಾಲೆಗಳಿಗಾಗಿ 'ಕನ್ನಡ ಪದ್ಯ ಪುಸ್ತಕ'ವನ್ನು ಮೂರು ಭಾಗಗಳಲ್ಲಿ ಸಿದ್ಧಪಡಿಸಿಕೊಟ್ಟರು.

ಅವರ ಕಥೆಗಳ ಹೆಸರುಗಳನ್ನು ಕೇಳಿದರೆ ಸಾಕು, ಮಗುವಿನ ಕಿವಿ ನಿಮಿರುತ್ತದೆ: 'ಇಲಿಗಳ ಥಕಥೈ', 'ಗುಡುಗುಡು ಗುಮ್ಮಟ ದೇವರು', 'ಹೇನು ಸತ್ತು ಕಾಗೆ ಬಡವಾಯಿತು', 'ಸಿಗಡಿ ಯಾಕೆ ಒಣಗಲಿಲ್ಲ?'. ಅಂಗಳದ ಚಾಪೆಯಲ್ಲಿ ಸಿಗಡಿ ಒಣಗುವುದನ್ನು ದಿನವೂ ಕಾಣುವ ಕರಾವಳಿಯ ಮಗುವಿಗೆ ಆ ಹೆಸರೇ ಒಂದು ಆಮಂತ್ರಣ. ಇಂಗ್ಲಿಷಿನ ಮೂರು ಕರಡಿಗಳ ಕಥೆಯೂ ಅವರ ಕೈಯಲ್ಲಿ ಕನ್ನಡದ ಕಥೆಯಾಯಿತು.

ಇವು ಕೇವಲ ವಿನೋದಕ್ಕಾಗಿ ಬರೆದವುಗಳೆಂದು ತಿಳಿಯಬಾರದು. ಹೇನಿನ ಕಥೆಯಲ್ಲೂ ಸಿಗಡಿಯ ಕಥೆಯಲ್ಲೂ ಒಂದು ಮಾತಿಗೆ ಇನ್ನೊಂದು ಮಾತು ಕೊಂಡಿಯಂತೆ ಸೇರುತ್ತಾ ಹೋಗುತ್ತದೆ. ಹಿಂದೆ ಬಂದ ವಾಕ್ಯವೇ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ತಡವರಿಸಿ ಓದಿದ ಮಗುವು ಎರಡನೆಯ ಸಲ ಆ ವಾಕ್ಯದ ಗುರುತು ಹಿಡಿಯುತ್ತದೆ. ಮೂರನೆಯ ಸಲ ಕಣ್ಣು ತಾಗುವ ಮೊದಲೇ ನಾಲಿಗೆ ಅದನ್ನು ಉಚ್ಚರಿಸುತ್ತದೆ. ಮುಂದೇನಾಯಿತೆಂಬ ಕುತೂಹಲವು ಬೆತ್ತದ ಕೆಲಸವನ್ನು ಬೆತ್ತವಿಲ್ಲದೆ ಮಾಡುತ್ತದೆ. ನಿಘಂಟಿನ ಸಹಾಯವಿಲ್ಲದೆ ಹೊಸ ಪದದ ಅರ್ಥವು ಕಥೆಯ ಸಂದರ್ಭದಿಂದಲೇ ಹೊಳೆಯುತ್ತದೆ. ಹೀಗೆ ಪುನರುಕ್ತಿ, ಕುತೂಹಲ, ಪರಿಚಿತ ವಸ್ತು ಎಂಬ ಮೂರು ಸಾಧನಗಳಿಂದ ಅವರ ಕಥೆಯು ಪಾಠಪುಸ್ತಕಕ್ಕೆ ನಿಲುಕದ ಕಾರ್ಯವನ್ನು ಸಾಧಿಸಿತು. ಪ್ರಭು ಯೇಸು ಸ್ವಾಮಿಯವರೂ ಸಾಮಾನ್ಯ ಜನರಿಗೆ ಸ್ವರ್ಗ ಸಾಮ್ರಾಜ್ಯವನ್ನು ತಿಳಿಸುವಾಗ ಬಿತ್ತುವವನ, ಕಳೆದುಹೋದ ಕುರಿಯ ಸಾಮತಿಗಳನ್ನು ಆರಿಸಿಕೊಂಡರೆಂಬುದನ್ನು ಇಲ್ಲಿ ಸ್ಮರಿಸಬಹುದು.

ವಿದ್ವತ್ ಸಮಾಜವು ಮಕ್ಕಳ ಈ ಸೇವಕನನ್ನು ಮರೆಯಲಿಲ್ಲ. 1934ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ, ಹುಟ್ಟೂರಿನಿಂದ ದೂರದ ಹೈದರಾಬಾದಿನಲ್ಲಿ, ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈ ಜೀವನವು ನಮಗೇನು ಹೇಳುತ್ತದೆ? ಕೊಂಕಣಿ ಮನೆಯ ಮಗುವಾದ ನಾನೂ ಒಂದನೆಯ ತರಗತಿಯಲ್ಲಿ ಕನ್ನಡಕ್ಕೆ ಅಂಜಿ ಅತ್ತವನೇ. ಅಕ್ಷರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಕಥೆಯಿಂದಲೇ. ಆದರೂ ಗುರುವಾಗಿ ಶಾಲೆಯೊಂದರ ಆಡಳಿತ ನೋಡಿಕೊಳ್ಳುತ್ತಿದ್ದಾಗ, ಕಥೆ ಪುಸ್ತಕಗಳು ಹರಿದಾವೆಂಬ ಭಯದಿಂದ ಅವುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ವರ್ಷಗಳ ಮೇಲೆ ಬೀಗ ತೆಗೆದಾಗ ಅವು ಮಕ್ಕಳ ಕೈಯಿಂದ ಹರಿದಿರಲಿಲ್ಲ, ಗೆದ್ದಲಿನಿಂದ ಹರಿದಿದ್ದವು. ಆ ತಪ್ಪು ಇನ್ನೊಬ್ಬರಿಂದ ಆಗದಿರಲೆಂದೇ ಇದನ್ನು ಬರೆದಿದ್ದೇನೆ.

ಇಂದು ನಮ್ಮ ಅನೇಕ ಮಕ್ಕಳು ಆಂಗ್ಲ ಮಾಧ್ಯಮದಲ್ಲಿ ಕಲಿಯುತ್ತಾರೆ. ಅದು ತಪ್ಪಲ್ಲ. ಆದರೆ ದೇವಾಲಯದಲ್ಲಿ ಕನ್ನಡ ವಾಚನವನ್ನು ಓದಲು ಕರೆದರೆ ಹಿಂಜರಿಯುವ ಯುವಜನರನ್ನು ಕಂಡಾಗ ಮನಸ್ಸು ನೋಯುತ್ತದೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಎಳವೆಯಲ್ಲಿ ಅವರಿಗೆ ಕಥೆ ಓದಿ ಹೇಳಿದವರು ಯಾರು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಪ್ರತಿ ಸಂಜೆ ಜಪಸರ ಪ್ರಾರ್ಥನೆ ಮುಗಿದ ಮೇಲೆ ಹದಿನೈದು ನಿಮಿಷ, ತಂದೆಯೋ ತಾಯಿಯೋ ಅಜ್ಜಿಯೋ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕನ್ನಡ ಕಥೆಯನ್ನು ಓದಲಿ. ಮರುದಿನ ಅದೇ ಕಥೆಯನ್ನು ಮಗು ಓದಲಿ, ಹಿರಿಯರು ಕೇಳಲಿ. ನೂರು ವರ್ಷಗಳ ಹಿಂದೆ ಶಾಲೆಗಾಗಿ ಕಲ್ಲು ಹೊತ್ತ ಹಿರಿಯರ ಋಣವು ಆಗ ಕಿಂಚಿತ್ತಾದರೂ ಸಂದೀತು. ದೇವರು ನಮ್ಮ ಮಕ್ಕಳನ್ನು ಹರಸಲಿ.