ಮೊದಲ ವರ್ಷದ ಪಾಠಕ್ಕೆ ಬದುಕು ಕೊಟ್ಟ ಮೇಷ್ಟ್ರು

ಡಿಸೈನ್ ಅಥವಾ ಡಿಜಿಟಲ್ ಮೀಡಿಯಾ ಕೋರ್ಸಿಗೆ ಸೇರಿದ ಎಷ್ಟೋ ವಿದ್ಯಾರ್ಥಿಗಳಿಗೆ ಮೊದಲ ಸೆಮಿಸ್ಟರ್‌ನಲ್ಲೇ ಬೇಸರ ಶುರುವಾಗುತ್ತದೆ. ಬಂದ ಕೂಡಲೇ ಕಂಪ್ಯೂಟರ್ ಮುಂದೆ ಕೂರಿಸಿ ಸಾಫ್ಟ್‌ವೇರ್ ಕಲಿಸುತ್ತಾರೆ ಎಂದುಕೊಂಡಿದ್ದರೆ, ಅಲ್ಲಿ ಕಾಗದ ಕತ್ತರಿಸಿ, ಗೆರೆ ಎಳೆಯಿರಿ, ಬಣ್ಣ ಬೆರೆಸಿ ಎನ್ನುತ್ತಾರೆ. ಇದರಿಂದ ಯಾವ ಕಂಪನಿ ಕೆಲಸ ಕೊಡುತ್ತದೆ ಎಂಬ ಪ್ರಶ್ನೆ ಸಹಜ. ಈ ಫೌಂಡೇಶನ್ ಕೋರ್ಸಿನ ಹಿಂದೆ ನೂರು ವರ್ಷಗಳ ಕಥೆಯಿದೆ. ಅದನ್ನು ಬೆಳೆಸಿದ ಪ್ರಮುಖರಲ್ಲಿ ಒಬ್ಬರು ಲಾಸ್ಲೊ ಮೊಹೊಲಿ ನಾಜ್. ಅವರ ಬದುಕನ್ನು ನೋಡಿದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊಹೊಲಿ ಹುಟ್ಟಿದ್ದು 1895ರ ಜುಲೈ 20ರಂದು, ಹಂಗೆರಿಯ ದಕ್ಷಿಣದ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ಕುಟುಂಬವನ್ನು ಬಿಟ್ಟು ಹೋದರು. ವಕೀಲರಾಗಿದ್ದ ಸೋದರಮಾವ ಹುಡುಗನಿಗೆ ಆಸರೆಯಾದರು. ಮಾವನ ಮನೆತನದ ಹೆಸರು ನಾಜ್. ಅದರ ಜೊತೆಗೆ ತಾವು ಬೆಳೆದ ಮೊಹೊಲ್ ಎಂಬ ಊರಿನ ಹೆಸರನ್ನೂ ಸೇರಿಸಿಕೊಂಡರು. ಮಾವನಂತೆ ವಕೀಲರಾಗಲೆಂದು 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಕಾನೂನು ಓದಲು ಸೇರಿದರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಓದು ಅರ್ಧಕ್ಕೆ ನಿಂತು, ಫಿರಂಗಿ ದಳದ ಅಧಿಕಾರಿಯಾಗಿ ರಣರಂಗಕ್ಕೆ ಹೋದರು. ಅಲ್ಲಿ ಬಿಡುವು ಸಿಕ್ಕಾಗಲೆಲ್ಲ ಸೈನಿಕರಿಗೆ ಕೊಡುತ್ತಿದ್ದ ಪೋಸ್ಟ್‌ಕಾರ್ಡುಗಳ ಮೇಲೆ ಚಿತ್ರ ಬರೆಯತೊಡಗಿದರು. ಅಂಥ ನೂರಾರು ಕಾರ್ಡುಗಳಾದವು. 1917ರಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದಾಗಲೂ ಚಿತ್ರ ಬರೆಯುವುದನ್ನು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಕಾನೂನಿನ ದಾರಿ ಬಿಟ್ಟು ಕಲೆಯ ದಾರಿ ಹಿಡಿದರು. ಕೈಯಲ್ಲಿ ಕಲೆಯ ಪದವಿಯೇನೂ ಇರಲಿಲ್ಲ. ವಿಯೆನ್ನಾ ಮೂಲಕ 1920ರಲ್ಲಿ ಬರ್ಲಿನ್‌ಗೆ ಬಂದಾಗ ಜರ್ಮನ್ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ.

ಬರ್ಲಿನ್‌ನಲ್ಲಿ ಅವರು ಲೂಸಿಯಾ ಎಂಬುವರನ್ನು ಮದುವೆಯಾದರು. ಆಕೆಗೆ ಡಾರ್ಕ್‌ರೂಮಿನ ಕೆಲಸ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಸೇರಿ ಕ್ಯಾಮೆರಾ ಇಲ್ಲದೆಯೇ ಚಿತ್ರ ತೆಗೆಯುವ ಪ್ರಯೋಗಕ್ಕಿಳಿದರು. ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ವಸ್ತುಗಳನ್ನಿಟ್ಟು ಬೆಳಕು ಹಾಯಿಸಿದರೆ ಅವುಗಳ ನೆರಳೇ ಚಿತ್ರವಾಗುತ್ತದೆ. ಇದಕ್ಕೆ ಫೋಟೊಗ್ರಾಮ್ ಎಂದು ಹೆಸರು. ಈ ಕೆಲಸದಲ್ಲಿ ಲೂಸಿಯಾ ಅವರ ಪಾಲಿಗೆ ಸಿಗಬೇಕಾದ ಮನ್ನಣೆ ಬಹಳ ಕಾಲ ಸಿಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

1923ರಲ್ಲಿ ಮೊಹೊಲಿ ಅವರ ಬದುಕಿಗೆ ತಿರುವು ಸಿಕ್ಕಿತು. ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಬೌಹೌಸ್ ಎಂಬ ಕಲಾಶಾಲೆ ತೆರೆದಿದ್ದರು. ಅಲ್ಲಿ ಯಾರೇ ಸೇರಲಿ, ಮರಗೆಲಸ, ನೇಯ್ಗೆ, ಲೋಹದ ಕೆಲಸ ಎಂದು ವಿಭಾಗ ಆಯ್ದುಕೊಳ್ಳುವ ಮೊದಲು ಪ್ರಾಥಮಿಕ ಕೋರ್ಸ್ ಮುಗಿಸಲೇಬೇಕಿತ್ತು. ಆ ಕೋರ್ಸ್ ನಡೆಸುತ್ತಿದ್ದ ಯೋಹಾನೆಸ್ ಇಟ್ಟೆನ್ ಶಾಲೆ ಬಿಟ್ಟಾಗ, ಗ್ರೋಪಿಯಸ್ ಆ ಹೊಣೆಯನ್ನು ಇಪ್ಪತ್ತೇಳು ವರ್ಷದ ಮೊಹೊಲಿಗೆ ವಹಿಸಿದರು. ಜೋಸೆಫ್ ಆಲ್ಬರ್ಸ್ ಜೊತೆ ಹಂಚಿಕೊಂಡು ಅವರು ಈ ಕೋರ್ಸ್ ನಡೆಸಿದರು.

ಅವರ ತರಗತಿಯಲ್ಲಿ ಮಾದರಿ ಚಿತ್ರ ನೋಡಿ ನಕಲು ಮಾಡುವ ಕೆಲಸ ಇರಲಿಲ್ಲ. ಉಣ್ಣೆ, ಮರ, ಉಪ್ಪುಕಾಗದ, ಲೋಹ ಇವನ್ನೆಲ್ಲ ಮುಟ್ಟಿ ನೋಡಿ, ಒರಟಿನಿಂದ ನಯದವರೆಗೆ ಸಾಲಾಗಿ ಜೋಡಿಸಬೇಕಿತ್ತು. ಗಾಜು, ತಂತಿ, ಮರದ ತುಂಡುಗಳಿಂದ ಬೀಳದೆ ನಿಲ್ಲುವ ರಚನೆ ಕಟ್ಟಬೇಕಿತ್ತು. ಯಾವುದು ಭಾರ, ಯಾವುದು ಹಗುರ, ಎಲ್ಲಿ ಖಾಲಿ ಬಿಟ್ಟರೆ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದು ಕೈಯ ಮೂಲಕ ತಲೆಗೆ ಇಳಿಯುತ್ತಿತ್ತು. ಇವತ್ತು ಪೋಸ್ಟರ್ ಮಾಡುವಾಗ, ಮೊಬೈಲ್ ಆ್ಯಪ್‌ನ ಪರದೆ ಜೋಡಿಸುವಾಗ ಬೇಕಾಗುವುದೂ ಇದೇ ತಿಳಿವಳಿಕೆ.

ಲೋಹದ ವಿಭಾಗವೂ ಅವರ ಕೈಯಲ್ಲೇ ಇತ್ತು. ಹೆಣ್ಣುಮಕ್ಕಳನ್ನು ಹೆಚ್ಚಾಗಿ ನೇಯ್ಗೆಗೆ ಕಳಿಸುತ್ತಿದ್ದ ಆ ಕಾಲದಲ್ಲಿ ಮರಿಯಾನೆ ಬ್ರಾಂಟ್ ಎಂಬ ವಿದ್ಯಾರ್ಥಿನಿಯನ್ನು ಲೋಹದ ಕೆಲಸಕ್ಕೆ ಹುರಿದುಂಬಿಸಿದರು. ಮುಂದೆ ಆಕೆ ರೂಪಿಸಿದ ದೀಪಗಳು ಕಾರ್ಖಾನೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದವು. ಗ್ರೋಪಿಯಸ್ ಜೊತೆ ಸೇರಿ ಮೊಹೊಲಿ ಬೌಹೌಸ್‌ನ 14 ಪುಸ್ತಕಗಳ ಮಾಲೆಯನ್ನೂ ಹೊರತಂದರು. ಅಕ್ಷರ ಮತ್ತು ಫೋಟೊ ಒಂದೇ ಪುಟದಲ್ಲಿ ಕೂಡಿ ಮಾತಾಡಬೇಕೆಂಬ ವಿಚಾರವನ್ನು 1925ರ ತಮ್ಮ ಪುಸ್ತಕದಲ್ಲಿ ಮಂಡಿಸಿದರು. ಇಂದಿನ ಜಾಹೀರಾತು, ಪತ್ರಿಕೆ, ಇನ್‌ಸ್ಟಾಗ್ರಾಂ ಪೋಸ್ಟ್ ಎಲ್ಲವೂ ಆ ದಾರಿಯಲ್ಲೇ ಇವೆ ಅಲ್ಲವೇ?

1928ರಲ್ಲಿ ಬೌಹೌಸ್ ಬಿಟ್ಟರು. 1933ರಲ್ಲಿ ನಾಜಿಗಳ ಒತ್ತಡಕ್ಕೆ ಆ ಶಾಲೆಯೇ ಮುಚ್ಚಿತು. ಜರ್ಮನಿಯಲ್ಲಿ ಇರಲಾಗದೆ ಮೊಹೊಲಿ ಆಮ್‌ಸ್ಟರ್‌ಡ್ಯಾಮ್‌ಗೆ, ಅಲ್ಲಿಂದ 1935ರಲ್ಲಿ ಲಂಡನ್‌ಗೆ ಹೋದರು. ಲಂಡನ್‌ನಲ್ಲಿ ಸುರಂಗ ರೈಲಿನ ಪೋಸ್ಟರ್, ಅಂಗಡಿಯ ಪ್ರದರ್ಶನ ಕಿಟಕಿ ಹೀಗೆ ಸಿಕ್ಕ ಕೆಲಸ ಮಾಡಿದರು. ಹೊಸ ದೇಶ, ಹೊಸ ಭಾಷೆ, ಹೊಸ ಕೆಲಸ. ಪ್ರತಿ ಸಲವೂ ಅ ಆ ಇ ಈಯಿಂದಲೇ ಆರಂಭ.

1937ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಹೊಸ ಬೌಹೌಸ್ ಕಟ್ಟಲು ಕರೆ ಬಂತು. ಆದರೆ ನಡೆಸುತ್ತಿದ್ದ ಸಂಘದ ಬಳಿ ಹಣ ಇಲ್ಲದೆ ಒಂದೇ ವರ್ಷಕ್ಕೆ ಶಾಲೆ ಮುಚ್ಚಿತು. ಅವರು ಊರು ಬಿಡಲಿಲ್ಲ. ಒಂದು ವ್ಯಾಪಾರಿ ಕಂಪನಿಗೆ ವಿನ್ಯಾಸ ಸಲಹೆಗಾರರಾಗಿ ದುಡಿದು, ಆ ಹಣವನ್ನೂ ಹಾಕಿ 1939ರಲ್ಲಿ ಸ್ಕೂಲ್ ಆಫ್ ಡಿಸೈನ್ ತೆರೆದರು. ಸಹ ಶಿಕ್ಷಕರು ಆರಂಭದಲ್ಲಿ ಸಂಬಳವಿಲ್ಲದೆ ಪಾಠ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಲೋಹದ ಕೊರತೆ ಬಂದಾಗ ವಿದ್ಯಾರ್ಥಿಗಳು ಮರದಿಂದಲೇ ಸ್ಪ್ರಿಂಗ್ ಮಾಡಿ ತೋರಿಸಿದರು! ವಸ್ತುವಿನ ಗುಣ ತಿಳಿದವರಿಗೆ ಮಾತ್ರ ಇಂಥ ಕೆಲಸ ಸಾಧ್ಯ.

1945ರಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆದರೂ ಪಾಠ ನಿಲ್ಲಿಸಲಿಲ್ಲ, ಬರೆಯುತ್ತಿದ್ದ ಪುಸ್ತಕವನ್ನೂ ಕೈಬಿಡಲಿಲ್ಲ. 1946ರ ನವೆಂಬರ್ 24ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬೋಧನೆಯ ಸಾರವಾದ ಆ ಪುಸ್ತಕ ಮರುವರ್ಷ ಪ್ರಕಟವಾಯಿತು. ಶಾಲೆ 1949ರಲ್ಲಿ ಶಿಕಾಗೊದ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯ ಭಾಗವಾಗಿ ಇಂದಿಗೂ ನಡೆಯುತ್ತಿದೆ. ಬೌಹೌಸ್‌ನ ಈ ಕಲಿಕೆಯ ಕ್ರಮ ನಮ್ಮ ದೇಶಕ್ಕೂ ಬಂತು. 1961ರಲ್ಲಿ ಅಹಮದಾಬಾದ್‌ನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಫೌಂಡೇಶನ್ ಕೋರ್ಸಿನಲ್ಲಿ ಅದರ ಪ್ರಭಾವ ಕಾಣುತ್ತದೆ.

ಮೊಹೊಲಿ ಕಾನೂನಿನಿಂದ ಕಲೆಗೆ, ಚಿತ್ರದಿಂದ ಫೋಟೊಗೆ, ಫೋಟೊದಿಂದ ಸಿನಿಮಾ, ಪುಸ್ತಕ, ಜಾಹೀರಾತಿಗೆ ಹೋದರು. ಸಾಧನ ಬದಲಾದಾಗಲೆಲ್ಲ ಕಲಿತ ಕಣ್ಣು ಮತ್ತು ಕೈ ಅವರ ಜೊತೆಗಿದ್ದವು. ಇಂದು ನಾವು ಕಷ್ಟಪಟ್ಟು ಕಲಿಯುವ ಸಾಫ್ಟ್‌ವೇರ್ ನಾಲ್ಕೈದು ವರ್ಷಕ್ಕೆ ಹಳೆಯದಾಗಬಹುದು. ಇಂಟರ್‌ವ್ಯೂಗೆ ಹೋದಾಗ ಯಾವ ಟೂಲ್ ಗೊತ್ತು ಎಂದು ಕೇಳುತ್ತಾರೆ, ನಿಜ. ಅದನ್ನು ಕಲಿಯಲೇಬೇಕು. ಆದರೆ ಆ ಟೂಲ್ ಹೋಗಿ ಇನ್ನೊಂದು ಬಂದಾಗ ಹೆದರದೆ ಮತ್ತೆ ಕಲಿಯಲು ಕೂರುವ ಧೈರ್ಯ ಕೊಡುವುದು ಮೊದಲ ವರ್ಷದ ಆ ಕಾಗದ, ಕತ್ತರಿಯ ಪಾಠವೇ. ಹಾಗಾಗಿ ಗೆಳೆಯರೇ, ಆ ತರಗತಿಗೆ ಬಂಕ್ ಹೊಡೆಯುವ ಮುನ್ನ ಒಮ್ಮೆ ಯೋಚಿಸಿ.