ದೀಪಧಾರಿಣಿಯ ಲೆಕ್ಕದ ಪುಸ್ತಕ

ರಾಯಚೂರು ಜಿಲ್ಲೆಯ ಮುದಗಲ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕೋಟೆ ಮತ್ತು ಮೊಹರಂ. ಬಹಳ ವರ್ಷಗಳ ಹಿಂದೆ ಆ ಭಾಗದಲ್ಲಿ ಸರ್ಕಾರಿ ಸೇವೆಯಲ್ಲಿದ್ದ ನನಗೆ ನೆನಪಾಗುವುದು ಒಂದು ರಿಜಿಸ್ಟರು. ಮುದಗಲ್ ಸಮೀಪದ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರಕ್ಕೆ ತಪಾಸಣೆಗೆಂದು ಹೋಗಿದ್ದೆ. ಅಲ್ಲಿನ ಆರೋಗ್ಯ ಸಹಾಯಕಿ ಹೆರಿಗೆ ರಿಜಿಸ್ಟರಿನ ಅಂಚಿನಲ್ಲಿ ಸ್ಕೇಲಿನಿಂದ ಗೆರೆ ಎಳೆದು, ನಮೂನೆಯಲ್ಲಿಲ್ಲದ ಒಂದು ಕಲಂ ಸೇರಿಸಿದ್ದರು. ತಾಯಿ ಗರ್ಭಿಣಿಯಾಗಿದ್ದಾಗ ಗುಳೆ ಹೋಗಿದ್ದರೇ, ಹೋಗಿದ್ದರೆ ಎಷ್ಟು ತಿಂಗಳು ಎಂಬುದು ಅದರಲ್ಲಿತ್ತು. ಪಕ್ಕದಲ್ಲೇ ಕೂಸಿನ ತೂಕ. ಮೇಲಿನ ಕಚೇರಿಯೊಂದು ಆ ಕಲಂ ಅನ್ನು ಕೈಬಿಡುವಂತೆ ಸೂಚಿಸಿತ್ತು. ನಮೂನೆಯಲ್ಲಿಲ್ಲ ಎಂಬುದೇ ಕಾರಣ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ ನಾನೂ ಪುಟದ ಮೊತ್ತ ಸರಿಯಿದೆಯೇ ಎಂದು ನೋಡಿ, ಸಹಿ ಹಾಕಿ ಬಂದೆ. ಆ ಎರಡು ಕಲಂಗಳನ್ನು ಜೊತೆಗಿಟ್ಟು ಓದಬೇಕೆಂದು ನನಗೆ ಹೊಳೆಯಲಿಲ್ಲ.

ನಿವೃತ್ತಿಯ ನಂತರ ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನವನ್ನು ವಿವರವಾಗಿ ಓದುವಾಗ ಆ ಕಲಂ ಮತ್ತೆ ಕಣ್ಣ ಮುಂದೆ ಬಂತು. ನಮ್ಮ ಪಠ್ಯಪುಸ್ತಕಗಳು ಈ ಮಹಿಳೆಯನ್ನು ದೀಪಧಾರಿಣಿ ಎಂದಷ್ಟೇ ಪರಿಚಯಿಸಿವೆ. ರಾತ್ರಿಯ ಹೊತ್ತು ಗಾಯಾಳುಗಳ ನಡುವೆ ದೀಪ ಹಿಡಿದು ನಡೆದ ಕರುಣಾಮಯಿಯ ಚಿತ್ರ ಸುಳ್ಳಲ್ಲ. ಆದರೆ ಅವರ ತೊಂಬತ್ತು ವರ್ಷಗಳ ಬದುಕಿನಲ್ಲಿ ಆ ದೀಪದ ಕಾಲ ಎರಡು ವರ್ಷಕ್ಕೂ ಕಡಿಮೆ. ಉಳಿದ ಅವಧಿಯ ಬಹುಪಾಲು ಕಳೆದದ್ದು ಅಂಕಿಅಂಶಗಳ ನಡುವೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅವರು ಜನಿಸಿದರು. ಊರಿನ ಹೆಸರೇ ಮಗುವಿನ ಹೆಸರಾಯಿತು. ಕುಟುಂಬ ಇಂಗ್ಲೆಂಡಿನ ಸಿರಿವಂತ ಮನೆತನ. ತಂದೆ ವಿಲಿಯಂ ನೈಟಿಂಗೇಲ್ ಹೆಣ್ಣುಮಕ್ಕಳಿಬ್ಬರಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ವಶಾಸ್ತ್ರಗಳನ್ನು ಮನೆಯಲ್ಲೇ ಕಲಿಸಿದರು. ಫ್ಲಾರೆನ್ಸ್ ಹಟ ಹಿಡಿದು ಗಣಿತವನ್ನೂ ಕಲಿತರು. ಶುಶ್ರೂಷೆ ಅಂದು ಮರ್ಯಾದಸ್ಥರ ವೃತ್ತಿಯಾಗಿರಲಿಲ್ಲ. ಮನೆಯವರ ವಿರೋಧ ವರ್ಷಗಟ್ಟಲೆ ನಡೆಯಿತು. ಮದುವೆಯ ಪ್ರಸ್ತಾಪವನ್ನು ತಿರಸ್ಕರಿಸಿದ ಅವರು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕೆಲವು ತಿಂಗಳ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು.

ಮರುವರ್ಷ ಕ್ರಿಮಿಯಾ ಯುದ್ಧ. ಗಾಯಾಳು ಸೈನಿಕರ ದುಃಸ್ಥಿತಿಯನ್ನು ಪತ್ರಿಕೆಗಳು ಬಯಲಿಗೆಳೆದಾಗ, ಯುದ್ಧ ಖಾತೆಯ ಮಂತ್ರಿಯಾಗಿದ್ದ ಸಿಡ್ನಿ ಹರ್ಬರ್ಟ್ ತಮಗೆ ಪರಿಚಿತರಾಗಿದ್ದ ನೈಟಿಂಗೇಲ್ ಅವರನ್ನು 38 ಶುಶ್ರೂಷಕಿಯರೊಂದಿಗೆ ತುರ್ಕಿಯ ಸ್ಕುಟಾರಿಗೆ ಕಳುಹಿಸಿದರು. 1854ರ ನವೆಂಬರಿನಲ್ಲಿ ಅಲ್ಲಿಗೆ ತಲುಪಿದಾಗ ಬಟ್ಟೆಯಿಲ್ಲ, ಸಾಬೂನಿಲ್ಲ, ಸರಿಯಾದ ಊಟವಿಲ್ಲ. ಅವರು ಅಡುಗೆಮನೆ ಕಟ್ಟಿಸಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿಸಿದರು, ಸಾಮಗ್ರಿ ತರಿಸಿದರು. ಆದರೂ ಸಾವು ಇಳಿಯಲಿಲ್ಲ. 1855ರ ಫೆಬ್ರುವರಿಯಲ್ಲಿ ಮರಣ ಪ್ರಮಾಣ ಶೇಕಡ 42ನ್ನು ಮುಟ್ಟಿತು. ಮಾರ್ಚ್‌ನಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗ ಆಸ್ಪತ್ರೆಯ ಅಡಿಯಲ್ಲಿದ್ದ ಕೊಳಚೆ ಗುಂಡಿಗಳನ್ನು ತೊಳೆಸಿ, ಚರಂಡಿ ಸರಿಪಡಿಸಿ, ಗಾಳಿ ಆಡುವಂತೆ ಮಾಡಿತು. ಬೇಸಿಗೆಯ ಹೊತ್ತಿಗೆ ಸಾವಿನ ಪ್ರಮಾಣ ಶೇಕಡ 2ರ ಆಸುಪಾಸಿಗೆ ಇಳಿಯಿತು.

ಈ ಇಳಿಕೆಯ ಕೀರ್ತಿಯನ್ನೆಲ್ಲ ಬ್ರಿಟನ್ನಿನ ಜನ ನೈಟಿಂಗೇಲ್ ಅವರಿಗೇ ಕೊಟ್ಟರು. 1856ರಲ್ಲಿ ಮರಳಿದಾಗ ರಾಣಿಯ ನಂತರ ಅಷ್ಟು ಹೆಸರಾದ ಹೆಣ್ಣು ಆ ದೇಶದಲ್ಲಿರಲಿಲ್ಲ. ಸುಮ್ಮನಿದ್ದಿದ್ದರೆ ಆ ಕೀರ್ತಿ ಶಾಶ್ವತವಾಗಿ ಉಳಿಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಜನನ ಮರಣ ಅಂಕಿಅಂಶಗಳ ತಜ್ಞ ವಿಲಿಯಂ ಫಾರ್ ಅವರೊಡನೆ ಕುಳಿತು ಯುದ್ಧದ ದಾಖಲೆಗಳನ್ನು ತಿಂಗಳುವಾರು ಬಿಡಿಸಿದರು. ಮೊದಲ ಅಡ್ಡಿಯೆಂದರೆ ದಾಖಲೆಗಳೇ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಂದೇ ಆಸ್ಪತ್ರೆಯ ಸಾವುಗಳಿಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಸಂಖ್ಯೆ. ತಾಳೆ ಹಾಕಿದಾಗ ಕಂಡ ಸತ್ಯ ಕಠೋರವಾಗಿತ್ತು. ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಗಾಯಗಳಿಂದಲ್ಲ, ತಡೆಗಟ್ಟಬಹುದಾಗಿದ್ದ ರೋಗಗಳಿಂದ. ಯುದ್ಧಭೂಮಿಯಲ್ಲಿದ್ದಾಗ ಅವರು ಸಾವಿಗೆ ಆಹಾರದ ಕೊರತೆ, ದಣಿವು ಹಾಗೂ ತಡವಾಗಿ ಆಸ್ಪತ್ರೆಗೆ ಬರುವುದನ್ನೇ ಮುಖ್ಯ ಕಾರಣವೆಂದು ನಂಬಿದ್ದರು. ತಾವು ನಡೆಸಿದ ಆಸ್ಪತ್ರೆಯ ಕೊಳಕೇ ಅಷ್ಟು ಜನರನ್ನು ಕೊಂದಿತೆಂಬ ಅರಿವು ಲೆಕ್ಕ ಮಾಡಿದ ಮೇಲೆ ಬಂತು ಎನ್ನುವುದು ಅವರ ಕಾಗದಪತ್ರಗಳನ್ನು ಅಭ್ಯಸಿಸಿದ ಕೆಲವು ಇತಿಹಾಸಕಾರರ ಅಭಿಪ್ರಾಯ. 1857ರಲ್ಲಿ ಅವರ ಆರೋಗ್ಯ ಕುಸಿದು, ಮುಂದಿನ ಹಲವು ದಶಕಗಳನ್ನು ಬಹುಮಟ್ಟಿಗೆ ಕೋಣೆಯೊಳಗೇ ಕಳೆಯಬೇಕಾಯಿತು.

ಸಂಶೋಧನೆಯೆಂದರೆ ಏನೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮ ಕೆಲಸ ಚೆನ್ನಾಗಿದೆ ಎಂದು ತೋರಿಸಲು ಅಂಕಿ ಹುಡುಕುವುದು ಪ್ರಚಾರ. ನಮ್ಮ ಕೆಲಸದಿಂದ ಕೇಡಾಗಿದೆಯೇ ಎಂದು ಅಂಕಿಯನ್ನು ಕೇಳುವುದು ಸಂಶೋಧನೆ.

1858ರಲ್ಲಿ ಅವರು ಸಿದ್ಧಪಡಿಸಿದ ಸೇನೆಯ ಆರೋಗ್ಯ ಕುರಿತ ಬೃಹತ್ ವರದಿಯಲ್ಲಿ ಬೀಸಣಿಗೆಯಂತೆ ಹರಡಿದ ಬಣ್ಣದ ನಕ್ಷೆಗಳಿವೆ. ಒಂದೊಂದು ಎಸಳು ಒಂದೊಂದು ತಿಂಗಳು. ತಡೆಗಟ್ಟಬಹುದಾದ ಸಾವುಗಳಿಗೆ ನೀಲಿ ಬಣ್ಣ. ಕೋಷ್ಟಕ ಓದಲು ತಾಳ್ಮೆಯಿಲ್ಲದ ಮಂತ್ರಿಗಳಿಗೂ ಒಂದು ನೋಟದಲ್ಲೇ ವಿಷಯ ತಿಳಿಯಬೇಕೆಂಬುದು ಉದ್ದೇಶ. ಅದಕ್ಕಿಂತ ಮುಖ್ಯವಾದದ್ದು ಅವರ ಹೋಲಿಕೆಯ ಕ್ರಮ. ಶಾಂತಿಕಾಲದಲ್ಲಿ ಇಂಗ್ಲೆಂಡಿನ ಬ್ಯಾರಕ್‌ಗಳಲ್ಲಿದ್ದ ಸೈನಿಕರನ್ನು ಅದೇ ವಯಸ್ಸಿನ ನಾಗರಿಕರೊಡನೆ ಹೋಲಿಸಿದರು. ದೇಹದಾರ್ಢ್ಯ ನೋಡಿ ಆರಿಸಿದ ಸೈನಿಕರು ಸುಮಾರು ಇಮ್ಮಡಿ ಪ್ರಮಾಣದಲ್ಲಿ ಸಾಯುತ್ತಿದ್ದರು. ಯಾರನ್ನು ಯಾರೊಡನೆ ಹೋಲಿಸಬೇಕೆಂದು ಗೊತ್ತಿದ್ದರೆ ಅರ್ಧ ಸಂಶೋಧನೆ ಮುಗಿದಂತೆ. ಆ ವರ್ಷವೇ ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಸೇರಿಸಿಕೊಂಡಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ಅದೇ ವರ್ಷ, ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ನಮೂನೆಯಲ್ಲಿ ಲೆಕ್ಕ ಇಡಬೇಕೆಂಬ ಅವರ ಯೋಜನೆಯನ್ನು ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಅನುಮೋದಿಸಿತು.

ಇದೇ ಕಾಲಕ್ಕೆ ಅವರ ಗಮನ ಭಾರತದತ್ತ ಹೊರಳಿತು. 1859ರಲ್ಲಿ ಭಾರತದ ಸೇನೆಯ ನೈರ್ಮಲ್ಯ ಕುರಿತ ರಾಜ ಆಯೋಗ ನೇಮಕವಾಯಿತು. ಹೆಣ್ಣಾದ್ದರಿಂದ ಅವರು ಸದಸ್ಯರಾಗಲಿಲ್ಲ. ಆದರೆ ಸೇನಾ ಠಾಣೆಗಳಿಗೆಲ್ಲ ಹೋದ ಪ್ರಶ್ನಾವಳಿಯನ್ನು ರೂಪಿಸುವುದರಲ್ಲೂ ಬಂದ ಉತ್ತರಗಳನ್ನು ವಿಶ್ಲೇಷಿಸುವುದರಲ್ಲೂ ಮುಖ್ಯ ಪಾತ್ರ ಅವರದು. ಕುಡಿಯುವ ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಂದು ಕೋಣೆಯಲ್ಲಿ ಎಷ್ಟು ಮಂದಿ ಎಂಬಂಥ ಪ್ರಶ್ನೆಗಳು. ಬೆಂಗಳೂರು, ಬಳ್ಳಾರಿ, ಬೆಳಗಾವಿ, ಸಿಕಂದರಾಬಾದ್‌ಗಳಿಂದಲೂ ಉತ್ತರಗಳು ಹೋದವು. ಮುದಗಲ್, ಲಿಂಗಸುಗೂರುಗಳಿರುವ ರಾಯಚೂರು ದೋಆಬ್ ಪ್ರದೇಶ 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದು, ಆಮೇಲೆ ನಿಜಾಮರಿಗೆ ಮರಳಿತ್ತು. ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಠಾಣೆಯಾಗಿತ್ತು. 1863ರ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಹತ್ತು ವರ್ಷಗಳ ನಂತರ ಅದು 18ಕ್ಕೆ ಇಳಿದಿದೆಯೆಂದು ಅವರು ಲೆಕ್ಕ ಒಪ್ಪಿಸಿದರು. ಒಮ್ಮೆಯೂ ಭಾರತಕ್ಕೆ ಬಾರದ ಅವರು ವೈಸರಾಯ್‌ಗಳು ಹೊರಡುವ ಮುನ್ನ ಬಂದು ಭೇಟಿಯಾಗುವಷ್ಟು ಭಾರತವನ್ನು ತಿಳಿದಿದ್ದರು.

ಸೈನಿಕರಿಂದ ಆರಂಭವಾದ ಪ್ರಶ್ನೆ ಕ್ರಮೇಣ ರೈತರವರೆಗೆ ಬಂತು. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು, ಬಳ್ಳಾರಿ, ರಾಯಚೂರು ಸೀಮೆಗಳನ್ನು ಬರಿದು ಮಾಡಿತು. ಸತ್ತವರನ್ನು ಸರಿಯಾಗಿ ಎಣಿಸಲಾಗಿದೆಯೇ ಎಂದು ನೈಟಿಂಗೇಲ್ ಕೇಳಿದರು. ರೈಲಿನಷ್ಟೇ ನೀರಾವರಿಗೂ ಹಣ ಬೇಕೆಂದು ವಾದಿಸುತ್ತಿದ್ದ ಎಂಜಿನಿಯರ್ ಆರ್ಥರ್ ಕಾಟನ್ ಅವರ ಬೆಂಬಲಕ್ಕೆ ನಿಂತರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂದು 1860ರ ಸುಮಾರಿಗೇ ಸೂಚಿಸಿದವರು ಇದೇ ಕಾಟನ್. ಇಂದು ಸಿಂಧನೂರಿನ ಗದ್ದೆಗಳಿಗೆ ನೀರುಣಿಸುವ ಎಡದಂಡೆ ನಾಲೆ ಬರಲು ಮತ್ತೆ ಸುಮಾರು ಒಂದು ಶತಮಾನವೇ ಬೇಕಾಯಿತು.

ಅವರನ್ನು ದೇವತೆಯಾಗಿಸುವ ಅಗತ್ಯವಿಲ್ಲ. ರೋಗಕ್ಕೆ ಕೆಟ್ಟ ಗಾಳಿಯೇ ಕಾರಣವೆಂಬ ನಂಬಿಕೆಯನ್ನು ಬಹುಕಾಲ ಬಿಡಲಿಲ್ಲ. ಸೂಕ್ಷ್ಮಾಣು ಸಿದ್ಧಾಂತವನ್ನು ಒಪ್ಪಲು ತಡಮಾಡಿದರು. ಶುಶ್ರೂಷಕಿಯರ ಅಧಿಕೃತ ನೋಂದಣಿಯನ್ನು ವಿರೋಧಿಸಿದರು. ಲೆಕ್ಕದಲ್ಲೂ ಎಡವಿದರು. 1863ರಲ್ಲಿ ಪ್ರಕಟವಾದ ಆಸ್ಪತ್ರೆಗಳ ಕುರಿತ ಪುಸ್ತಕದ ಆವೃತ್ತಿಯಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡ 90ಕ್ಕೂ ಹೆಚ್ಚೆಂಬ ಕೋಷ್ಟಕವಿದೆ. ಇಡೀ ವರ್ಷದ ಸಾವುಗಳನ್ನು ವರ್ಷದಲ್ಲಿ ದಾಖಲಾದವರಿಂದ ಭಾಗಿಸುವ ಬದಲು, ಒಂದು ನಿರ್ದಿಷ್ಟ ದಿನ ಒಳರೋಗಿಗಳಾಗಿದ್ದವರ ಸಂಖ್ಯೆಯಿಂದ ಭಾಗಿಸಿದ್ದರ ಫಲ ಅದು. ಫಾರ್ ಅವರ ಆ ಲೆಕ್ಕವನ್ನು ವೈದ್ಯರು ಟೀಕಿಸಿದ್ದು ಸಹಜ. ಛೇದ ತಪ್ಪಿದರೆ ಎಂಥ ಮೇಧಾವಿಯ ಅಂಕಿಯೂ ದಾರಿ ತಪ್ಪಿಸುತ್ತದೆ.

ಆದರೆ ಲೆಕ್ಕ ತಮ್ಮ ವಿರುದ್ಧ ಹೋದಾಗ ಹಿಂಜರಿಯಲಿಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಅವರ ನಿಧಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗಾಗಿ ಹೆರಿಗೆ ವಾರ್ಡು ನಡೆಯುತ್ತಿತ್ತು. ಅಲ್ಲಿ ಬಾಣಂತಿ ಜ್ವರದಿಂದ ತಾಯಂದಿರು ಸಾಯತೊಡಗಿದಾಗ 1867ರಲ್ಲಿ ವಾರ್ಡನ್ನೇ ಮುಚ್ಚಲಾಯಿತು. ಅನಂತರ ಅವರು ಬೇರೆ ಬೇರೆ ಹೆರಿಗೆ ಆಸ್ಪತ್ರೆಗಳ ಅಂಕಿಅಂಶಗಳನ್ನು ಕಲೆಹಾಕಿ 1871ರಲ್ಲಿ ಪುಸ್ತಕ ಪ್ರಕಟಿಸಿದರು. ಬಡವರ ಗುಡಿಸಲಲ್ಲಿ ಆಗುವ ಹೆರಿಗೆಗಿಂತ ಅಂದಿನ ಆಸ್ಪತ್ರೆಯ ಹೆರಿಗೆಯೇ ತಾಯಿಗೆ ಹೆಚ್ಚು ಅಪಾಯಕಾರಿ ಎಂಬುದು ಅದರ ತೀರ್ಮಾನ. 1891ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರದ ಪೀಠ ಸ್ಥಾಪಿಸಲು ಫ್ರಾನ್ಸಿಸ್ ಗಾಲ್ಟನ್ ಅವರೊಡನೆ ಪತ್ರ ವ್ಯವಹಾರ ನಡೆಸಿದರು, ಅದು ಕೈಗೂಡಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ನಿಧನರಾದಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಸೂಚನೆ ಬಂತು. ಬಂಧುಗಳು ಅದನ್ನು ಒಪ್ಪದೆ, ಅವರನ್ನು ಈಸ್ಟ್ ವೆಲ್ಲೋ ಹಳ್ಳಿಯಲ್ಲಿ ಮಣ್ಣು ಮಾಡಿದರು.

ಇಂದು ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಸಂತೋಷ. ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದೆ. ಎಂ.ಎಸ್ಸಿ.ಗೆ ಪ್ರಬಂಧ ಕಡ್ಡಾಯ. ಶುಶ್ರೂಷಾ ಶಿಕ್ಷಣಕ್ಕೆ ಹೊಸ ಚೌಕಟ್ಟು ಕೊಡುವ ಕಾಯ್ದೆಯೂ 2023ರಲ್ಲಿ ಬಂದಿದೆ. ಆದರೆ ಆ ಪ್ರಬಂಧಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಒಂದು ಮಾದರಿ ಮತ್ತೆ ಮತ್ತೆ ಎದುರಾಗುತ್ತದೆ: ಒಂದು ಗುಂಪಿಗೆ ಪ್ರಶ್ನೆ ಕೊಡುವುದು, ಪಾಠ ಮಾಡುವುದು, ಅದೇ ಪ್ರಶ್ನೆಗಳನ್ನು ಪುನಃ ಕೇಳಿ ಅಂಕ ಹೆಚ್ಚಾಯಿತೆಂದು ಬರೆಯುವುದು. ಪಾಠ ಕೇಳಿದವರಿಗೆ ಅಂಕ ಹೆಚ್ಚುವುದರಲ್ಲಿ ಅಚ್ಚರಿಯೇನು? ಆ ವಾರ್ಡಿನಲ್ಲಿ ಹಾಸಿಗೆ ಹುಣ್ಣು ಕಡಿಮೆಯಾಯಿತೇ, ಬಾಣಂತಿಯರ ಸೋಂಕು ಇಳಿಯಿತೇ ಎಂಬ ಪ್ರಶ್ನೆ ಉಳಿದೇಬಿಡುತ್ತದೆ. ಇದು ವಿದ್ಯಾರ್ಥಿಗಳ ತಪ್ಪಲ್ಲ. ಕಡಿಮೆ ಅವಧಿ, ಅನುಮತಿಯ ತೊಡಕು, ಆಸ್ಪತ್ರೆಯ ದಾಖಲೆ ಸಿಗದಿರುವುದು ಎಲ್ಲವೂ ಅವರನ್ನು ಆ ಸುಲಭದ ದಾರಿಗೆ ತಳ್ಳುತ್ತವೆ.

ಇತ್ತ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಾಧಿಕಾರಿಗಳು, ಉಪಕೇಂದ್ರದ ಸಹೋದರಿಯರು ಪ್ರತಿದಿನ ಪುಟಗಟ್ಟಲೆ ಬರೆಯುತ್ತಾರೆ. ಅದು ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಏನೂ ಮರಳಿ ಬರುವುದಿಲ್ಲ. ರಾಯಚೂರು ಕೇಂದ್ರ ಸರ್ಕಾರ 2018ರಲ್ಲಿ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲೊಂದು. ರಕ್ತಹೀನತೆ, ಕಡಿಮೆ ತೂಕದ ಕೂಸುಗಳು ಅಲ್ಲಿನ ನಿತ್ಯದ ಸಮಸ್ಯೆ. ಅದರ ಕಾರಣಗಳ ಸುಳಿವು ಯಾವ ರಾಜಧಾನಿಯ ತಜ್ಞರಿಗಿಂತ ಮೊದಲು ಸಿಗುವುದು ಹೆರಿಗೆ ಕೋಣೆಯಲ್ಲಿ ನಿಂತವರಿಗೆ. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ. ಪ್ರತಿ ಆಸ್ಪತ್ರೆಯ ಶುಶ್ರೂಷಾ ಸಿಬ್ಬಂದಿ ವರ್ಷಕ್ಕೊಂದು ಪ್ರಶ್ನೆಯನ್ನು ತಾವೇ ಆರಿಸಿಕೊಳ್ಳಲಿ. ಸಮೀಪದ ನರ್ಸಿಂಗ್ ಕಾಲೇಜು ಲೆಕ್ಕ ಹಾಕುವ ವಿಧಾನ ಕಲಿಸಲಿ. ಜಿಲ್ಲಾ ಪರಿಶೀಲನಾ ಸಭೆಯಲ್ಲಿ ಅರ್ಧ ಗಂಟೆ ಅವರಿಗೆ ಮೀಸಲಿಡಲಿ. ಫಲಿತಾಂಶ ಕೆಟ್ಟದಾಗಿದ್ದರೆ ಅದನ್ನು ಹೇಳಿದವರಿಗೆ ನೋಟಿಸು ಹೋಗದಂತೆ ನೋಡಿಕೊಂಡರೆ ಸಾಕು.

ಮುದಗಲ್ ಬಳಿಯ ಆ ಸಹಾಯಕಿ ನೈಟಿಂಗೇಲ್ ಅವರ ಲೆಕ್ಕದ ಪುಸ್ತಕಗಳ ಬಗ್ಗೆ ಕೇಳಿರಲಾರರು. ಆದರೂ ತಾವೇ ಒಂದು ಪ್ರಶ್ನೆ ಕಂಡುಕೊಂಡು, ಗೆರೆ ಎಳೆದು, ತಿಂಗಳುಗಟ್ಟಲೆ ಉತ್ತರ ಕೂಡಿಹಾಕಿದ್ದರು. ಗುಳೆ ಹೋದ ತಾಯಂದಿರ ಕೂಸುಗಳ ತೂಕ ನಿಜಕ್ಕೂ ಕಡಿಮೆಯಿತ್ತೇ ಎಂಬುದು ಆ ಪುಟಗಳಲ್ಲೇ ಇತ್ತು. ಅವರಿಗೆ ಬೇಕಾಗಿದ್ದದ್ದು ಕುರ್ಚಿಯೆಳೆದು ಪಕ್ಕದಲ್ಲಿ ಕುಳಿತು ಅದನ್ನು ಓದುವ ಒಬ್ಬ ಅಧಿಕಾರಿ. ಆ ದಿನ ಜೀಪು ಕಾಯುತ್ತಿದೆಯೆಂದು ಎದ್ದು ಬಂದವನು ನಾನು.